ಯಾವ ಪಣದಂಗಡಿ ಒಳ್ಳೆಯದು?

– ಅಂತಿಮ ಬಿ.ಎ. ವಿದ್ಯಾರ್ಥಿ

2025ರ ಸೆಪ್ಟೆಂಬರ್ ತಿಂಗಳು. ಟೋಕಿಯೋ ನಗರದಲ್ಲಿ ಜಾಗತಿಕ ಅಥ್ಲೆಟಿಕ್ ಪಂದ್ಯಗಳು ನಡೆಯುತ್ತಿದ್ದ ಕಾಲ. ಒಂದು ದಿನ ಮಧ್ಯಾಹ್ನ ಕಾಲೇಜಿನ ಹಿಂಬದಿಯ ಗೇರುಮರದ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಾಗ, ಸಹಪಾಠಿಯೊಬ್ಬನು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು ಕೇಳಿದನು: “ನೀನು ರಿಲೇ ಓಡುವವ ಮಾರಾಯ, ನಿನಗೆ ಗೊತ್ತಿರ್ತದೆ. ರಿಲೇ ಮೇಲೆ ದುಡ್ಡು ಕಟ್ಟುದಾದ್ರೆ ಇದ್ರಲ್ಲಿ ಯಾವುದು ಒಳ್ಳೇದು?”

ಪರದೆಯ ಮೇಲೆ ಮೂರು ಕಂಪನಿಗಳ ಹೆಸರುಗಳಿದ್ದವು. ಮೂರೂ ಪರದೇಶದವು. ಇಂಗ್ಲಿಷಿನಲ್ಲಿ ಬುಕ್‌ಮೇಕರ್ ಎಂದು ಕರೆಯಲ್ಪಡುವ ಈ ವ್ಯಾಪಾರಿಯನ್ನು ನಾನು ಈ ಲೇಖನದಲ್ಲಿ ‘ಪಣದಂಗಡಿ’ ಎಂದು ಕರೆಯುತ್ತೇನೆ. ಏಕೆಂದರೆ ಅದು ಅಂಗಡಿಯೇ ಹೊರತು ಬೇರೆಯಲ್ಲ. ಆ ಹೊತ್ತಿಗೆ ನಾನು “ಇದೆಲ್ಲ ಬೇಡ ಬಿಡೋ” ಎಂದು ಹೇಳಿ ಕೈ ತೊಳೆದುಕೊಂಡೆ. ಅದು ಉತ್ತರವಾಗಿರಲಿಲ್ಲ. ಪ್ರಶ್ನೆ ಕೇಳಿದವನಿಗೆ ಬುದ್ಧಿವಾದ ಹೇಳಿ ಕಳುಹಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಅವನಾದರೋ ಬುದ್ಧಿವಾದವನ್ನು ಅಲ್ಲಿಯೇ ಬಿಟ್ಟು, ಉತ್ತರ ಕೊಡುವವರ ಬಳಿಗೆ ಹೋಗುತ್ತಾನೆ. ನನ್ನ ಗೆಳೆಯನೂ ಹಾಗೆಯೇ ಹೋದನು. ಆದ್ದರಿಂದ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು, ತಡವಾಗಿಯಾದರೂ, ಸಹಪಾಠಿಗಳ ಮತ್ತು ಗುರುವೃಂದದ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಾನು ಸಾಧುವಲ್ಲ. ಪಿ.ಯು. ತರಗತಿಯಲ್ಲಿದ್ದಾಗ ಒಂದು ರಾತ್ರಿ ಯಕ್ಷಗಾನ ನೋಡಲು ಹೋಗಿ, ಬಯಲಿನ ಅಂಚಿನಲ್ಲಿ ಕಂದೀಲಿನ ಬೆಳಕಿನಲ್ಲಿ ನಡೆಯುತ್ತಿದ್ದ ಗುಡುಗುಡಿಯ ಮುಂದೆ ನಿಂತು, 200 ರೂಪಾಯಿಗಳನ್ನು ಕಳೆದುಕೊಂಡವನು ನಾನು. ರಂಗಸ್ಥಳದಲ್ಲಿ ಶಕುನಿಯು ಧರ್ಮರಾಯನಿಗೆದುರಾಗಿ ದಾಳ ಉರುಳಿಸುತ್ತಿದ್ದನು. ಚಪ್ಪರದ ಹಿಂದೆ ನನ್ನೆದುರಿಗೂ ಒಬ್ಬನು ಉರುಳಿಸುತ್ತಿದ್ದನು. ಕಥೆಯನ್ನು ಬಲ್ಲವರೂ ಸೋಲುತ್ತಾರೆ ಎಂಬುದು ನನಗೆ ಅಂದೇ ತಿಳಿಯಿತು. ಬಸ್ಸಿನ ದುಡ್ಡೂ ಉಳಿಯದೆ ಬೆಳಗಿನ ಜಾವ ಆರು ಮೈಲಿ ನಡೆದು ಮನೆ ಸೇರಿದೆ.

ಈಗ ಪ್ರಶ್ನೆಗೆ ಬರೋಣ. ಒಳ್ಳೆಯ ಅಂಗಡಿಯನ್ನು ಆರಿಸುವುದೆಂದರೆ ಏನನ್ನು ನೋಡಬೇಕು? ದರ, ಉಡುಗೊರೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಗುಣ, ಸರಕಿನ ಯೋಗ್ಯತೆ – ಈ ನಾಲ್ಕನ್ನು. ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ದರ. ಸಮಬಲದ ಎರಡು ತಂಡಗಳು ಓಡುತ್ತವೆಂದು ಭಾವಿಸಿರಿ. ನ್ಯಾಯವಾದ ದರವೆಂದರೆ, 100 ರೂಪಾಯಿ ಕಟ್ಟಿ ಗೆದ್ದವನಿಗೆ 200 ಬರಬೇಕು. ಅಂಗಡಿಯವನು ಎರಡೂ ತಂಡಗಳಿಗೆ 1.85ರ ದರ ಬರೆಯುತ್ತಾನೆ ಎನ್ನೋಣ. ಗೆದ್ದವನಿಗೆ 185 ರೂಪಾಯಿ. ನೀವೊಬ್ಬರು ಒಂದು ತಂಡಕ್ಕೆ ನೂರು, ನಾನು ಇನ್ನೊಂದಕ್ಕೆ ನೂರು ಕಟ್ಟಿದರೆ ಅಂಗಡಿಗೆ ಬಂದದ್ದು 200, ಹೊರಗೆ ಹೋದದ್ದು 185. ಯಾರೇ ಗೆಲ್ಲಲಿ, ಹದಿನೈದು ರೂಪಾಯಿ ಅಂಗಡಿಯಲ್ಲಿ ಉಳಿಯಿತು. ಓಡಿದವರು ಬೆವರು ಸುರಿಸಿದರು; ಕಟ್ಟಿದವರಲ್ಲಿ ಒಬ್ಬನು ಅತ್ತನು; ಅಂಗಡಿಯವನು ಮಾತ್ರ ಓಟವನ್ನು ನೋಡಲೇಬೇಕಾಗಿಲ್ಲ.

ಇದು ಶೇಕಡಾ ಏಳೂವರೆಯ ಸೋಲು. ಸಣ್ಣದೆಂದು ತೋರೀತು. ಆದರೆ ಪಣ ಕಟ್ಟುವವನು ಒಮ್ಮೆ ಕಟ್ಟಿ ಸುಮ್ಮನಾಗುವುದಿಲ್ಲ. ಕೈಯಲ್ಲಿರುವ ನೂರು ರೂಪಾಯಿಯನ್ನೇ ತಿರುಗಿಸಿ ತಿರುಗಿಸಿ ಹತ್ತು ಸಲ ಕಟ್ಟಿದರೆ, ಸರಾಸರಿಯ ಲೆಕ್ಕದಲ್ಲಿ ಕೊನೆಗೆ ಉಳಿಯುವುದು ಸುಮಾರು 46 ರೂಪಾಯಿ. ಇದರಲ್ಲಿ ಮೋಸವಿಲ್ಲ, ಮಂತ್ರವಿಲ್ಲ. ಹೈಸ್ಕೂಲಿನ ಗುಣಾಕಾರವೇ ಸಾಕು. ಒಂದು ಅಂಗಡಿಯು 1.85 ಕೊಡುತ್ತದೆ, ಇನ್ನೊಂದು 1.90 ಕೊಡುತ್ತದೆ ಎಂಬುದು ನಿಜವಿರಬಹುದು. ಎರಡನೆಯದು ಒಳ್ಳೆಯದೇ? ಅಲ್ಲಿ ನಿಧಾನವಾಗಿ ಮುಳುಗುತ್ತೀರಿ, ಅಷ್ಟೇ. ಶರಾವತಿಯಲ್ಲಿ ಮುಳುಗುವವನಿಗೆ ಅಘನಾಶಿನಿಯು ಉತ್ತಮವೆಂದು ಹೇಳಿದಂತೆ.

ಎರಡನೆಯದು ಉಡುಗೊರೆ. ಮೊದಲ ಸಲ ಸೇರಿದವರಿಗೆ 500 ರೂಪಾಯಿ ಉಚಿತ ಎಂದು ಗೆಳೆಯನ ಪರದೆ ಹೊಳೆಯುತ್ತಿತ್ತು. ಕೆಳಗಿನ ಸಣ್ಣಕ್ಷರಗಳಲ್ಲಿ, ಅದರ ಹತ್ತರಷ್ಟು ಹಣವನ್ನು ಪಣ ಕಟ್ಟಿದ ಹೊರತು ಹೊರತೆಗೆಯುವಂತಿಲ್ಲ ಎಂಬ ಷರತ್ತು. ಅಂದರೆ 5,000 ರೂಪಾಯಿಯ ಪಣ. ಮೇಲಿನ ಲೆಕ್ಕದಂತೆ ಅದರಲ್ಲಿ ಸರಾಸರಿ 375 ಅಂಗಡಿಗೆ ಮರಳಿತು. ಅಷ್ಟು ಹೊತ್ತಿಗೆ ಹುಡುಗನಿಗೆ ಅಭ್ಯಾಸ ಅಂಟಿತು. ಗಾಳದ ತುದಿಯ ಸಿಗಡಿಯನ್ನು ಮೀನಿಗೆ ಕೊಟ್ಟ ಉಡುಗೊರೆಯೆಂದು ನಮ್ಮ ಕರಾವಳಿಯ ಮಕ್ಕಳು ತಿಳಿಯುವುದಾದರೂ ಹೇಗೆ?

ಮೂರನೆಯದು ಮಾತಿಗೆ ತಪ್ಪದಿರುವಿಕೆ. ಗೆದ್ದ ಹಣವನ್ನು ಅಂಗಡಿಯವನು ಕೊಡದಿದ್ದರೆ ಏನು ಮಾಡುವುದು? ಸಂತೆಯಲ್ಲಿ ತೂಕ ಕಡಿಮೆ ಕೊಟ್ಟವನನ್ನು ಕೇಳಬಹುದು. ಸಾಲ ಕೊಡದವನ ಮೇಲೆ ದಾವೆ ಹೂಡಬಹುದು. ಇಲ್ಲಿ ಅದೂ ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನಂತೆ ಪಣದ ಒಪ್ಪಂದವು ಶೂನ್ಯ. ಪಣದಲ್ಲಿ ಗೆದ್ದೆನೆಂದು ಹಣ ವಸೂಲಿಗಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ನೂರೈವತ್ತು ವರ್ಷಗಳಿಗೂ ಹಿಂದಿನ ಈ ಕಲಮು ಇಂದಿಗೂ ಜೀವಂತವಾಗಿದೆ. ಹೀಗಿರುವಾಗ ಸಮುದ್ರದಾಚೆಯ ಅಂಗಡಿಯವನ ಪ್ರಾಮಾಣಿಕತೆಗೆ ಆಧಾರವೇನು? ಅವನ ಜಾಹೀರಾತೇ ಆಧಾರ.

ಇದಕ್ಕೆ ಮೇಲಾಗಿ, 2025ರ ಆಗಸ್ಟ್ 20ರಂದು ಲೋಕಸಭೆಯೂ 21ರಂದು ರಾಜ್ಯಸಭೆಯೂ ಅಂಗೀಕರಿಸಿದ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕುಶಲತೆಯವಾಗಲಿ ಅದೃಷ್ಟದವಾಗಲಿ, ಈ ಕಾಯ್ದೆ ನಿಷೇಧಿಸುತ್ತದೆ. ಅಂಥ ಆಟವನ್ನು ನಡೆಸುವವನಿಗೆ ಮೂರು ವರ್ಷಗಳವರೆಗೆ ಸೆರೆ ಮತ್ತು ಒಂದು ಕೋಟಿ ರೂಪಾಯಿಯವರೆಗೆ ದಂಡ. ಜಾಹೀರಾತು ಮಾಡುವವನಿಗೆ ಎರಡು ವರ್ಷಗಳವರೆಗೆ ಸೆರೆ ಮತ್ತು 50 ಲಕ್ಷದವರೆಗೆ ದಂಡ. ಆಡುವವನಿಗೆ ಈ ಕಾಯ್ದೆ ಶಿಕ್ಷೆ ಹೇಳಿಲ್ಲ. ಅವನನ್ನು ಪೀಡಿತನೆಂದೇ ಎಣಿಸಿದೆ. ಕರ್ನಾಟಕವೂ ಇದಕ್ಕೆ ಮುಂಚೆ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಕುಶಲತೆಯ ಆಟಗಳನ್ನೂ ಜೂಜಿನೊಡನೆ ಸೇರಿಸಿದ ಕಾರಣ ಅದರ ಮುಖ್ಯ ಭಾಗಗಳನ್ನು 2022ರ ಫೆಬ್ರವರಿ 14ರಂದು ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಕೇಂದ್ರದ ಕಾಯ್ದೆಯನ್ನು ಪ್ರಶ್ನಿಸಿಯೂ ಕಂಪನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿವೆ. ಅದು ಹೇಗೇ ತೀರ್ಮಾನವಾಗಲಿ, ಅಂಗಡಿಯವನ ಲೆಕ್ಕದ ಹದಿನೈದು ರೂಪಾಯಿ ಮಾತ್ರ ಬದಲಾಗುವುದಿಲ್ಲ.

ನಾಲ್ಕನೆಯದು ಸರಕು. ಅಂದರೆ ರಿಲೇ ಓಟವೇ. ಈ ವಿಷಯದಲ್ಲಿ ನನಗೆ ಅಲ್ಪಸ್ವಲ್ಪ ಅಧಿಕಾರವುಂಟು. ಮೂರು ವರ್ಷಗಳಿಂದ ಕಾಲೇಜಿನ 4×100 ತಂಡದಲ್ಲಿ ಮೂರನೆಯವನಾಗಿ ಓಡುತ್ತಿದ್ದೇನೆ. ಕೈಯಲ್ಲಿ ಹಿಡಿಯುವ ಕೋಲು ಒಂದು ಗೇಣಿಗಿಂತ ತುಸು ಹೆಚ್ಚು ಉದ್ದ. ನಿಯಮದಂತೆ 28ರಿಂದ 30 ಸೆಂಟಿಮೀಟರ್, ತೂಕ 50 ಗ್ರಾಮಿಗೆ ಕಡಿಮೆಯಿಲ್ಲ. ಅದನ್ನು 30 ಮೀಟರಿನ ವಲಯದೊಳಗೆ ಒಬ್ಬನು ಮತ್ತೊಬ್ಬನಿಗೆ ದಾಟಿಸಬೇಕು. ಪಡೆಯುವವನು ಹಿಂದಿರುಗಿ ನೋಡುವುದಿಲ್ಲ. ನೆಲದ ಮೇಲಿನ ಗುರುತನ್ನು ಗೆಳೆಯನು ದಾಟಿದ ಕೂಡಲೇ ಓಡತೊಡಗಿ, ಕೂಗು ಕೇಳಿದಾಗ ಕೈಯನ್ನು ಹಿಂದಕ್ಕೆ ಚಾಚುತ್ತಾನೆ. ಕಾಣದ ಕೈಯನ್ನು ನಂಬುವ ಓಟವಿದು.

ಇಂಥ ಓಟದ ಫಲವನ್ನು ಮುಂಚಿತವಾಗಿ ಬಲ್ಲೆನೆನ್ನುವವನು ಯಾರು? ಅಮೆರಿಕೆಯಷ್ಟು ವೇಗದ ಓಟಗಾರರು ಯಾವ ದೇಶದಲ್ಲಿದ್ದಾರೆ? ಆದರೂ 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅವರ ಪುರುಷರೂ ಮಹಿಳೆಯರೂ ಮೊದಲ ಸುತ್ತಿನಲ್ಲೇ ಕೋಲು ಬೀಳಿಸಿದರು. 2016ರ ರಿಯೋದಲ್ಲಿ ಪುರುಷರು ಮೂರನೆಯವರಾಗಿ ಗೆರೆ ದಾಟಿದ ಮೇಲೆ ಅನರ್ಹರಾದರು. 2021ರಲ್ಲಿ ಟೋಕಿಯೋದಲ್ಲಿ ಅಂತಿಮ ಓಟಕ್ಕೇ ತಲುಪಲಿಲ್ಲ. 2024ರ ಪ್ಯಾರಿಸ್ಸಿನಲ್ಲಿ ಮತ್ತೆ ಅನರ್ಹರಾದರು. ಇತ್ತ 2023ರ ಆಗಸ್ಟಿನಲ್ಲಿ ಬುಡಾಪೆಸ್ಟಿನಲ್ಲಿ ನಮ್ಮ ಅನಸ್, ಅಮೋಜ್ ಜೇಕಬ್, ಅಜ್ಮಲ್, ರಾಜೇಶ್ ರಮೇಶ್ ಇವರು 4×400 ಓಟವನ್ನು 2 ನಿಮಿಷ 59.05 ಸೆಕೆಂಡುಗಳಲ್ಲಿ ಮುಗಿಸಿ, ಏಷ್ಯಾದ ದಾಖಲೆ ಬರೆದು, ಅಮೆರಿಕೆಯ ಬೆನ್ನಿಗೇ ಗೆರೆ ದಾಟಿದರು. 2025ರ ಟೋಕಿಯೋ ಕೂಟದಲ್ಲಿ ಅದೇ ಓಟವನ್ನು ಗೆದ್ದದ್ದು ಬೋಟ್ಸ್ವಾನಾ.

ಗೆದ್ದ ಮೇಲೂ ಫಲ ನಿಲ್ಲುವುದೆಂಬ ಭರವಸೆಯಿಲ್ಲ. ಬೀಜಿಂಗಿನಲ್ಲಿ ಉಸೇನ್ ಬೋಲ್ಟ್ ಮೊದಲಾದವರು ಗೆದ್ದ ರಿಲೇ ಚಿನ್ನವು ಜೊತೆಗಾರನೊಬ್ಬನ ಔಷಧ ಸೇವನೆಯಿಂದಾಗಿ ಒಂಬತ್ತು ವರ್ಷಗಳ ನಂತರ, 2017ರಲ್ಲಿ, ಕೈಬಿಟ್ಟು ಹೋಯಿತು. 2021ರಲ್ಲಿ ಬ್ರಿಟನ್ ತಂಡವು ಸೆಕೆಂಡಿನ ನೂರರಲ್ಲೊಂದು ಅಂಶದಿಂದ ಚಿನ್ನ ಕಳೆದುಕೊಂಡು, ಮರುವರ್ಷ ಬೆಳ್ಳಿಯನ್ನೂ ಇದೇ ಕಾರಣಕ್ಕೆ ಕಳೆದುಕೊಂಡಿತು. ಇದನ್ನು ‘ಅಭ್ಯಾಸ ಮಾಡಿದರೆ ಗೆಲ್ಲಬಹುದಾದ ವಿದ್ಯೆ’ ಎಂದು ಅಂಗಡಿಯವರು ಹೇಳುತ್ತಾರೆ. ಓಡುವುದಕ್ಕೆ ವಿದ್ಯೆ ಬೇಕು, ನಿಜ. ಕಟ್ಟುವುದಕ್ಕೆ ಬೇಕಾದದ್ದು ಬೇರೆಯವರ ಬೆವರು ಮಾತ್ರ.

ನಮ್ಮ ಭಟ್ಕಳದಿಂದ ತೆಂಕಣಕ್ಕೆ, ಕುಂದಾಪುರ ತಾಲೂಕಿನ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿಯವರು 2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕೂಟದಲ್ಲಿ 4×400 ರಿಲೇಯ ಚಿನ್ನದಲ್ಲಿ ಪಾಲುಗಾರರಾದಾಗ, ಮರುತಿಂಗಳು ಏಷ್ಯನ್ ಕೂಟದಲ್ಲಿ ಎರಡು ಚಿನ್ನ ಗೆದ್ದಾಗ, ಈ ಕರಾವಳಿಯ ಹೆಣ್ಣುಮಕ್ಕಳು ಶಾಲೆಯ ಬಯಲಿಗೆ ಇಳಿದರೆಂದು ನಮ್ಮ ಹಿರಿಯರು ಹೇಳುತ್ತಾರೆ. ಆಮೇಲೆ 2011ರ ಔಷಧ ಪರೀಕ್ಷೆಯ ಕಹಿಯೂ ಬಂತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಳ್ಳಿಯ ಹುಡುಗಿಯೊಬ್ಬಳು ಓಡಿದ್ದನ್ನು ಕಂಡು ನಮ್ಮವರು ಹಿಗ್ಗಿದರಲ್ಲ, ಆ ಹಿಗ್ಗಿಗೆ ದರವೆಷ್ಟು ಎಂದು ಅಂದು ಯಾರೂ ಕೇಳಲಿಲ್ಲ.

ಇಂದು ಕೇಳುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡೆ. ಹಿಂದಿನ ವರ್ಷದ ಒಂದು ಅಂತರ ಕಾಲೇಜು ಕೂಟದಲ್ಲಿ ನಮ್ಮ ತಂಡ ಮುಂದಿತ್ತು. ಎರಡನೆಯವನಿಂದ ಕೋಲು ಪಡೆಯುವಾಗ ನಾನು ಎರಡು ಹೆಜ್ಜೆ ಮುಂಚೆಯೇ ಹೊರಟೆ. ಅವನು ಚಾಚಿದ ಕೋಲು ನನ್ನ ಬೆರಳ ತುದಿಗೆ ತಗುಲಿ ಬಿತ್ತು. ತಪ್ಪು ನನ್ನದು. ಕೆಂಪು ಮಣ್ಣಿನಲ್ಲಿ ಉರುಳಿದ ಆ ಕೋಲಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟರಲ್ಲಿ ಬಯಲಿನ ಅಂಚಿನಿಂದ ಒಂದು ದನಿ ಕೇಳಿತು: “ಎಷ್ಟು ತಿಂದ್ಯೋ?”

ಕೂಗಿದವನು ನಮ್ಮ ಕಾಲೇಜಿನವನೇ. ನಮ್ಮ ಮೇಲೆ ತಲೆಗೆ ನೂರರಂತೆ ಕೆಲವರು ಪಣ ಕಟ್ಟಿದ್ದರೆಂದು ಆಮೇಲೆ ತಿಳಿಯಿತು. ಸೋತದ್ದಕ್ಕೆ ನಾನು ಎರಡು ದಿನ ದುಃಖಿಸಿದೆ. ಆ ಮಾತಿಗೆ ಇಂದಿಗೂ ದುಃಖಿಸುತ್ತಿದ್ದೇನೆ. ಪಣವಿಲ್ಲದ ಬಯಲಿನಲ್ಲಿ ಎಡವಿದವನು ಎಡವಿದವನೇ. ಪಣವಿರುವ ಬಯಲಿನಲ್ಲಿ ಎಡವಿದವನು ಕಳ್ಳ. ನೂರು ರೂಪಾಯಿಗೆ ಈ ಅನುಮಾನ ಹುಟ್ಟುವುದಾದರೆ, ಲಕ್ಷಕ್ಕೆ ಹುಟ್ಟುವುದೇನು? ಕಾಣದ ಕೈಯನ್ನು ನಂಬುವ ಓಟವು ಆ ಮೇಲೆ ಉಳಿದೀತೆ?

ಇಲ್ಲಿ ಕೆಲವರು ಆಕ್ಷೇಪ ಎತ್ತುವರು. ‘ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಕುದುರೆ ಪಂದ್ಯಕ್ಕೆ ಹಣ ಕಟ್ಟುವುದಿಲ್ಲವೇ? ಕುದುರೆಗೊಂದು ನ್ಯಾಯ, ಮನುಷ್ಯನಿಗೊಂದು ನ್ಯಾಯವೇ?’ ಆಕ್ಷೇಪದಲ್ಲಿ ಹುರುಳಿದೆ. ಕುದುರೆ ಪಂದ್ಯವು ಕುಶಲತೆಯದೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿದೆ. ಆದರೆ ಕಾಯಿದೆಯ ಅನುಮತಿ ಬೇರೆ, ಲೆಕ್ಕದ ಅನುಮತಿ ಬೇರೆ. ಅಲ್ಲಿ ಕಟ್ಟುವವನ ಹಣವೂ ಸೋರುತ್ತದೆ. ‘ನನ್ನ ಹಣ, ನನ್ನಿಷ್ಟ’ ಎನ್ನುವವರೂ ಉಂಟು. ಇಪ್ಪತ್ತರ ವಯಸ್ಸಿನ ನಮ್ಮಲ್ಲಿ ಎಷ್ಟು ಜನರ ಹಣ ತಮ್ಮದು? ನನ್ನ ತಂದೆ ಬೋಟಿನಲ್ಲಿ ದುಡಿಯುವವರು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಮನೆ ನಡೆಯುವುದು ಆಯಿಯ ಗೇರುಬೀಜದ ಕೂಲಿಯಿಂದ. ಗೇರಿನ ಎಣ್ಣೆ ತಗುಲಿ ಅವಳ ಬೆರಳುಗಳ ತುದಿ ಕಪ್ಪಾಗಿವೆ. ಆ ಬೆರಳುಗಳು ಎಣಿಸಿ ಕೊಟ್ಟ ನೋಟಿಗೆ ‘ನನ್ನ ಹಣ’ ಎಂದು ಹೆಸರಿಡಲು ನನಗೆ ಬಾಯಿ ಬಾರದು.

‘ನಿಷೇಧಿಸಿದರೆ ಕಳ್ಳದಾರಿ ಹಿಡಿಯುತ್ತಾರೆ’ ಎಂಬ ಮೂರನೆಯ ಆಕ್ಷೇಪವನ್ನು ಮಾತ್ರ ನಾನು ಒಪ್ಪುತ್ತೇನೆ. ಓಸಿ ಚೀಟಿಯನ್ನು ಕಾಯಿದೆ ಎಂದೋ ನಿಷೇಧಿಸಿದೆ. ಕುಮಟೆಯಿಂದ ಭಟ್ಕಳದವರೆಗೆ ಅದನ್ನು ಬರೆಯುವವರು ಪೂರ್ಣ ಇಲ್ಲವಾದರೇ? ಆದರೂ ಓಸಿಗೂ ಮೊಬೈಲಿಗೂ ಒಂದು ಭೇದವಿದೆ. ಓಸಿ ಬರೆಸಲು ಹುಡುಗನು ಗೂಡಂಗಡಿಯವರೆಗೆ ನಡೆಯಬೇಕು. ದಾರಿಯಲ್ಲಿ ಮಾವನೋ ಮಾಸ್ತರರೋ ಎದುರಾಗುತ್ತಾರೆ. ಊರಿನ ಕಣ್ಣು ಅಷ್ಟರಮಟ್ಟಿಗೆ ಕಾವಲಿತ್ತು. ಮೊಬೈಲಿನ ಪಣದಂಗಡಿ ಕಂಬಳಿಯೊಳಗೆ ತೆರೆದಿರುತ್ತದೆ, ನಡುರಾತ್ರಿಗೂ ಮುಚ್ಚುವುದಿಲ್ಲ.

ಇನ್ನು ಗೆಳೆಯನ ಕಥೆಯನ್ನು ಮುಗಿಸಬೇಕು. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನು ಒಂದು ಅಂಗಡಿಯನ್ನು ಆರಿಸಿದನು. ಮೊದಲು ಗೆದ್ದನು, ಕ್ಯಾಂಟೀನಿನಲ್ಲಿ ನಮಗೆಲ್ಲ ಗೋಳಿಬಜೆ ತಿನ್ನಿಸಿದನು. ಬಳಿಕ ಸೋತನು. ಸೋತದ್ದನ್ನು ತುಂಬಿಕೊಳ್ಳಲು ಮತ್ತೆ ಸೋತನು. ಆಗ ಪರಿಚಯವಿಲ್ಲದವನೊಬ್ಬನು ಸಂದೇಶ ಕಳುಹಿಸಿದನು: ನಿನ್ನ ಬ್ಯಾಂಕು ಖಾತೆಯನ್ನೂ ಕಾರ್ಡನ್ನೂ ಕೆಲವು ದಿನ ನಮಗೆ ಬಿಟ್ಟುಕೊಡು, ಬಾಡಿಗೆ ಕೊಡುತ್ತೇವೆ ಎಂದು. ಗೆಳೆಯ ಬಿಟ್ಟುಕೊಟ್ಟನು. ಎರಡು ವಾರದಲ್ಲಿ ಅವನು ಕಂಡರಿಯದ ಹಣ ಆ ಖಾತೆಯಲ್ಲಿ ಹರಿದು ಹೋಯಿತು. ಬಳಿಕ ಖಾತೆ ಸ್ತಂಭಿಸಿತು. ಎಲ್ಲಿಯೋ ಯಾರೋ ಮೋಸ ಹೋಗಿ ಕೊಟ್ಟ ದೂರಿನ ಜಾಡು ಅವನ ಹೆಸರಿಗೆ ಬಂದು ಮುಟ್ಟಿತ್ತು. ಅವನ ವಿದ್ಯಾರ್ಥಿವೇತನವೂ ಅದೇ ಖಾತೆಯಲ್ಲಿ ಸಿಕ್ಕಿಕೊಂಡಿತು. ಪರೀಕ್ಷಾ ಶುಲ್ಕದ ಕೊನೆಯ ದಿನ ಅವನ ತಂದೆ, ಕಾಲೇಜಿನ ಮೆಟ್ಟಿಲನ್ನು ಅಂದೇ ಮೊದಲ ಬಾರಿಗೆ ಹತ್ತಿದವರು, ಕಚೇರಿಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಗನ ಪದವಿಯ ದಿನ ಬರಬೇಕೆಂದಿದ್ದ ಜಾಗಕ್ಕೆ ಅವರು ಹೀಗೆ ಬಂದರು. ಶುಲ್ಕವೇನೋ ನಾವು ಕೆಲವರು ಕೂಡಿ ಕಟ್ಟಿದೆವು. ಪ್ರಕರಣ ಇನ್ನೂ ಮುಗಿದಿಲ್ಲ.

ಆ ದಿನ ಗೇರುಮರದ ಕೆಳಗೆ ನಾನು ಕಾಗದ ಪೆನ್ನು ತೆಗೆದು ಹದಿನೈದು ರೂಪಾಯಿಯ ಲೆಕ್ಕ ತೋರಿಸಿದ್ದರೆ ಅವನು ನಿಲ್ಲುತ್ತಿದ್ದನೇ? ಖಂಡಿತವಾಗಿ ಹೇಳಲಾರೆ. ತೋರಿಸಲಿಲ್ಲವೆಂಬುದಂತೂ ಖಂಡಿತ.

ಆದುದರಿಂದ ನನ್ನ ಅಲ್ಪಮತಿಗೆ ತೋಚಿದ ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಒಂದು, ಪ್ರತಿವರ್ಷ ಪ್ರಥಮ ಬಿ.ಎ. ತರಗತಿಗೆ ಬರುವವರಿಗೆ ಅರ್ಥಶಾಸ್ತ್ರದ ಅಧ್ಯಾಪಕರು ಒಂದೇ ಒಂದು ಗಂಟೆ ಈ ಪಣದ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಲಿ. ಉಪದೇಶ ಬೇಡ, ಗುಣಾಕಾರ ಸಾಕು. ಎರಡು, ಬ್ಯಾಂಕು ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬಾರದೆಂಬುದನ್ನೂ, ಮೋಸವಾದ ಕೂಡಲೇ 1930 ಸಂಖ್ಯೆಗೆ ತಿಳಿಸಬೇಕೆಂಬುದನ್ನೂ ಸೂಚನಾ ಫಲಕದಲ್ಲಿ ಬರೆದಿಡಲಿ. ಮೂರು, ನಮ್ಮ ಕ್ರೀಡಾದಿನದಂದು ಬಯಲಿನ ಸುತ್ತ ಒಂದು ರೂಪಾಯಿಯ ಪಣವೂ ನಡೆಯದಂತೆ ವಿದ್ಯಾರ್ಥಿಗಳಾದ ನಾವೇ ನೋಡಿಕೊಳ್ಳೋಣ. ನಾಲ್ಕು, ಸೋತವನು ನಾಚಿಕೆಯಿಂದ ಅಡಗುವ ಮೊದಲು ಹೋಗಿ ಹೇಳಿಕೊಳ್ಳಬಹುದಾದ ಒಬ್ಬ ಗುರು ಕಾಲೇಜಿನಲ್ಲಿ ಇರಲಿ, ಅವರು ಗದರಿಸದಿರಲಿ.

ಗೆಳೆಯನ ಪ್ರಶ್ನೆಗೆ ನನ್ನ ಉತ್ತರವಿಷ್ಟು: ದರದಲ್ಲಿ ಸೋಲು, ಉಡುಗೊರೆಯಲ್ಲಿ ಗಾಳ, ಮಾತಿಗೆ ಜಾಮೀನಿಲ್ಲ, ಸರಕು ಯಾರ ಕೈಗೂ ನಿಲ್ಲದ್ದು. ಆರಿಸಲು ಯೋಗ್ಯವಾದ ಪಣದಂಗಡಿ ಒಂದೂ ಇಲ್ಲ.

ಮುಂದಿನ ತಿಂಗಳು ನಮ್ಮ ತಂಡದ ಕೊನೆಯ ಓಟವಿದೆ. ಎರಡನೆಯವನು ಅದೇ ಗೆಳೆಯ; ಅಂದು ಕೋಲು ಚಾಚಿದವನೂ ಅವನೇ. ದಿನವೂ ಸಂಜೆ ಬಸ್ಸಿಗೆ ಮುಂಚೆ ಅರ್ಧ ಗಂಟೆ ಇಬ್ಬರೂ ಕೋಲು ದಾಟಿಸುವುದನ್ನು ಅಭ್ಯಾಸ ಮಾಡುತ್ತಿದ್ದೇವೆ. ನಾನು ಹಿಂದಿರುಗಿ ನೋಡುವುದಿಲ್ಲ. ಸಹಪಾಠಿಗಳೇ, ಅಂದು ದಯವಿಟ್ಟು ಬಯಲಿಗೆ ಬನ್ನಿರಿ. ಜೇಬಿನಲ್ಲಿ ಬಸ್ಸಿನ ದುಡ್ಡು ಮಾತ್ರ ಇರಲಿ, ಕೂಗಲು ಗಂಟಲಿರಲಿ.